ಶೇಂಗಾ ಒಡೆಯುವಾಗ ಹಾಡಿದ ಮಗ್ಗಿ

ಮಕ್ಕಳೇ, ನಾಲ್ಕು ಮಂದಿ ಸೇರಿದರೆ ಅಜ್ಜಿ ಬಾಯಿ ಬಿಡುವುದಿಲ್ಲ ಎಂದು ನಗುತ್ತೀರಲ್ಲ, ಇದೇ ಅಜ್ಜಿ ಒಮ್ಮೆ ಹತ್ತು ದಿನ ಗಂಟಲು ಹರಿಯುವಂತೆ ಹಾಡಿದ್ದಾಳೆ.

ಅದು ಯುದ್ಧದ ಕಾಲ. ಸಿರುಗುಪ್ಪದ ಕಡೆಯ ಹಳ್ಳಿಯಿಂದ ಕುರುಗೋಡಿಗೆ ನಾನು ಸೊಸೆಯಾಗಿ ಬಂದು ವರ್ಷವಾಗಿತ್ತು. ನಿಮ್ಮ ತಾತ ಬಂಡಿಯಿಂದ ಬಿದ್ದು, ಕಾಲಿಗೆ ಪಟ್ಟು ಹಾಕಿಸಿಕೊಂಡು ಮಲಗಿದ್ದರು. ಮನೆಯಲ್ಲಿ ಜೋಳದ ಗಡಿಗೆಯ ತಳ ಕಾಣುತ್ತಿತ್ತು. ಬೇಸಿಗೆಯಲ್ಲಿ ಹೆಂಗಸರಿಗೆ ಇದ್ದ ಕೆಲಸ ಒಂದೇ, ಊರ ದೊಡ್ಡ ಮನೆಯಲ್ಲಿ ಬಿತ್ತನೆಗೆಂದು ಶೇಂಗಾ ಒಡೆಯುವುದು. ಸಂಜೆ ಕೂಲಿಯಾಗಿ ಜೋಳ ಅಳೆದು ಕೊಡುತ್ತಿದ್ದರು.

ಆ ಮನೆಯಲ್ಲೊಂದು ಪದ್ಧತಿ ಇತ್ತು. ಒಡೆಯುವವರು ಹಾಡುತ್ತಲೇ ಇರಬೇಕು. ಹಾಡುವ ಬಾಯಿ ಬೀಜ ತಿನ್ನುವುದಿಲ್ಲ ಎಂಬುದು ಮನೆಯ ಯಜಮಾನಿಯ ನಂಬಿಕೆ. ಆಕೆಗೆ ಕಣ್ಣು ಮಂಜು. ಮಂಚದ ಮೇಲೆ ಕೂತು ಕಿವಿಯಿಂದಲೇ ಕಾವಲು ಕಾಯುತ್ತಿದ್ದಳು.

ಮೊದಲ ದಿನ ನಾನು ಸುಮ್ಮನೆ ತುಟಿ ಆಡಿಸುತ್ತ ಕೂತೆ. ಕಣ್ಣಿಲ್ಲದಿದ್ದರೂ ಆಕೆಗೆ ಗೊತ್ತಾಯಿತು. ಏಳು ಮಂದಿ ಕೂತಿದ್ದೀರಿ, ಆರೇ ದನಿ ಬರುತ್ತಿದೆ, ಏಳನೆಯವಳು ಯಾರು ಎಂದು ಕೇಳಿದಳು. ನಾನೇ ಎಂದೆ, ಅದೂ ಆಕೆಗೆ ಕೇಳಿಸಲಿಲ್ಲ.

"ಹಾಡಂತ ಬಲವಂತ ಇಲ್ಲವ್ವಾ," ಎಂದಳು. "ಮನಸಿದ್ರ ಹಾಡು. ಮನಸಿಲ್ಲಂದ್ರ ಮನಿಗೆ ಹೋಗು."

ಎಷ್ಟು ಧಾರಾಳ ನೋಡಿ. ಎರಡೂ ನನ್ನ ಇಷ್ಟಕ್ಕೇ ಬಿಟ್ಟಿದ್ದಳು. ನನ್ನ ಮನಸ್ಸು ಮನೆಗೆ ಓಡು ಎನ್ನುತ್ತಿತ್ತು, ಹೊಟ್ಟೆ ಕೂತುಕೋ ಎಂದಿತು. ನಾನು ಕೂತೆ.

ಆದರೆ ಹೆದರಿಕೆಗೆ ಒಂದು ಹಾಡೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಹಳ್ಳಿಯ ಸಾಲಿಯಲ್ಲಿ ಮಾಸ್ತರರ ಏಟು ತಿಂದು ಕಲಿತ ಮಗ್ಗಿ. ಅದನ್ನೇ ಬೀಸುವ ಪದದ ಧಾಟಿಗೆ ಹಚ್ಚಿದೆ. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಒಂದೊಂದು ಸಾಲಿಗೂ "ಹೌದವ್ವಾ ಹೌದು" ಎಂದು ಸೊಲ್ಲು ಕೂಡಿಸತೊಡಗಿದರು.

ಇದು ಯಾವ ದೇವರ ಪದ ಎಂದು ಯಜಮಾನಿ ಕೇಳಿದಳು. ನನ್ನ ಪಕ್ಕದ ಮುದುಕಿ ತಡಮಾಡಲಿಲ್ಲ.

"ಸಾಲಿ ದೇವರದ್ರಿ. ಭಾಳ ಕಡಕ್ ದೇವರು. ತಪ್ಪಿದ್ರ ಬಡೀತೈತಿ."

ಯಜಮಾನಿ ಕೈ ಮುಗಿದಳು. ಒಂಬತ್ತರ ಮಗ್ಗಿಗೆ ತೂಕಡಿಸಿದಳು, ಹನ್ನೆರಡಕ್ಕೆ ಗೊರಕೆ. ನನ್ನ ದನಿ ನಿಂತರೆ ಮಾತ್ರ ಥಟ್ಟನೆ ಎದ್ದು ಕೂರುತ್ತಿದ್ದಳು. ಇದು ತಿಳಿದದ್ದೇ ತಡ, ಉಳಿದವರು ಸೊಲ್ಲು ಬಿಟ್ಟು ಶೇಂಗಾ ತಿನ್ನತೊಡಗಿದರು. ನಾನು ಉಸಿರು ಎಳೆದುಕೊಂಡರೂ ಮುದುಕಿ ತೊಡೆ ಚಿವುಟುತ್ತಿದ್ದಳು. ಹಾಡಿದವಳು ನಾನು, ಹೊಟ್ಟೆ ತುಂಬಿದ್ದು ಅವರಿಗೆ. ಸಂಜೆ ಯಜಮಾನಿ ಸಾಲಿ ದೇವರವಳು ನಾಳೆಯೂ ಬರಲಿ ಎಂದಳು. ಉಡಿಯಲ್ಲಿ ಜೋಳ ಕಟ್ಟಿಕೊಂಡು ಮನೆಗೆ ಹಾರಿಕೊಂಡೇ ಹೋದೆ.

ಆರನೆಯ ದಿನ ಯಜಮಾನಿ ಬಳ್ಳಾರಿಯಲ್ಲಿದ್ದ ಮಗಳ ಮನೆಗೆ ಹೋಗಿದ್ದಳು. ಮಂಚ ಖಾಲಿ. ಎಲ್ಲರ ಬಾಯಿಯೂ ಶೇಂಗಾಕ್ಕೆ ಬಿಡುವಾಯಿತು. ನಾನೊಬ್ಬಳೇ ಹದಿಮೂರರ ಮಗ್ಗಿಯಲ್ಲಿದ್ದೆ, ಅದೂ ಕಣ್ಣು ಮುಚ್ಚಿಕೊಂಡು, ತಲೆ ತೂಗುತ್ತ.

ಮುದುಕಿ ನನ್ನ ಮುಖವನ್ನೇ ನೋಡಿದಳು.

"ಲೇ ಹುಚ್ಚಿ, ಆಕಿ ಊರಾಗ ಇಲ್ಲ. ಯಾರ ಸಲುವಾಗಿ ಬಡ್ಕೊಳಾಕ ಹತ್ತಿ? ತಿನ್ನು."

ಅವಳು ಹಿಡಿ ತುಂಬ ಬೀಜ ಚಾಚಿದಳು. ನಾನು ಕೈ ಅಡ್ಡ ಹಿಡಿದು, ಹದಿಮೂರ್ಹತ್ಲ ನೂರಾಮೂವತ್ತು ಮುಗಿಸಿ, ಆಮೇಲೆ ತಿಂದೆ.