ಕಣದಷ್ಟು ದೊಡ್ಡ 'ಅ'

ಅಕ್ಷರವೆಂಬುದು ಮನುಷ್ಯನನ್ನು ಕತ್ತಲಿನಿಂದ ಬೆಳಕಿಗೆ ಕರೆದೊಯ್ಯುವ ದಾರಿ ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಮನೆಯಲ್ಲಿ ಅದು ಕಾಫಿ ಒಣಗಿಸುವ ದಾರಿಯೂ ಆಗಿತ್ತು.

ಮನೆ ಮುಂದಿನ ಕಣದಲ್ಲಿ ಹರಡಿದ ಕಾಫಿ ಬೀಜವನ್ನು ಆಗಾಗ ಕಾಲಿನಿಂದ ಗೆರೆ ಎಳೆದು ತಿರುವಬೇಕು. ನಾಲ್ಕು ವರ್ಷದ ಮೊಮ್ಮಗಳನ್ನು ಅದರಲ್ಲಿ ಸುಮ್ಮನೆ ನಡೆಸುವುದೇಕೆಂದು ನಾನು ಅವಳಿಗೆ 'ಅ' ನಡೆಯಲು ಕಲಿಸಿದೆ. ಕಣದಷ್ಟೇ ದೊಡ್ಡ ಅಕ್ಷರಗಳನ್ನು ಅವಳು ಪಾದ ಎಳೆದುಕೊಂಡು ಬರೆದು, ಗಟ್ಟಿಯಾಗಿ ಓದುತ್ತಿದ್ದಳು.

"ಪುಸ್ತಕನೂ ಸ್ವಲ್ಪ ತೋರ್ಸಿ ಮಾರಾಯ್ರೆ," ಎಂದಳು ನನ್ನ ಹೆಂಡತಿ.

"ಕಾಫಿ ಒಣಗ್ಲಿ, ಆಮೇಲೆ ನೋಡುವ," ಎಂದೆ.

ಎಲ್‌ಕೆಜಿಗೆ ಸೇರಿಸಲು ಮೂಡಿಗೆರೆಗೆ ಹೋದಾಗ ಟೀಚರು ಪುಸ್ತಕದ 'ಅ' ತೋರಿಸಿ ಇದೇನೆಂದು ಕೇಳಿದರು. ಅಷ್ಟು ಸಣ್ಣ 'ಅ' ಅವಳು ಕಂಡೇ ಇರಲಿಲ್ಲ.

"ಹೋಗ್ಲಿ, 'ಅ' ಬರಿ ಪುಟ್ಟಿ," ಎಂದು ಪೆನ್ಸಿಲ್ ಕೊಟ್ಟರು.

ಅವಳು ಪೆನ್ಸಿಲ್ ಬಿಟ್ಟು, ಚಪ್ಪಲಿ ಕಳಚಿ, ನೆಲದ ಮೇಲೆ ಪಾದ ಎಳೆಯುತ್ತ ನಡೆದಳು. ಒಂದಿಷ್ಟೂ ತಪ್ಪಿಲ್ಲದ 'ಅ'. ಆದರೆ ನೆಲದ ಮೇಲೆ ಕಾಫಿ ಇಲ್ಲದ್ದರಿಂದ ಅಕ್ಷರ ಯಾರಿಗೂ ಕಾಣಲಿಲ್ಲ.

"ಡ್ಯಾನ್ಸ್ ಚೆನ್ನಾಗಿ ಮಾಡ್ತಾಳೆ," ಎಂದರು ಟೀಚರು.

ಮೊಮ್ಮಗಳು ಓದಿ ಹೇಳು ಎಂಬಂತೆ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಮಗುವನ್ನು ಕರೆದಿದ್ದರು.

ಅವಳು ಈಗ ನರ್ಸರಿಯಲ್ಲಿ, ಮೂರು ವರ್ಷದವರ ಜೊತೆ ಕೂರುತ್ತಾಳೆ.