ಬೇಯಿಸಿದ ಭತ್ತದ ಮೇಲಿನ ಹಿಮ್ಮಡಿ

ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೇ ನನ್ನ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ. ಪಾದದಡಿಯ ಪಟ್ಟಿ ಊದಿದೆ ಎಂದರು ಡಾಕ್ಟರು. ಹಾಗಾಗಿ ಬೆರಳೂರಿಯೇ ನಡೆಯುತ್ತೇನೆ. ತೀರಿಹೋದ ಅಮ್ಮನಿಗೆ ನೋವಿದ್ದದ್ದು ಬೆರಳುಗಳ ಬುಡದಲ್ಲಿ. ಅವಳು ಹಿಮ್ಮಡಿಯೂರಿ ನಡೆಯುತ್ತಿದ್ದಳು.

ಮೊನ್ನೆ ಬಿಜೂರಿನ ಮನೆಯಂಗಳದಲ್ಲಿ ಬೇಯಿಸಿದ ಭತ್ತ ಹರವಿದ್ದೆ. ಅದು ಸಮನಾಗಿ ಒಣಗಬೇಕಾದರೆ ಕಾಲೆಳೆದು ನಡೆಯುತ್ತ ಮಗುಚಬೇಕು. ಮೂಲೆ ಬಿಟ್ಟರೆ ಅಮ್ಮ ರೇಗುತ್ತಿದ್ದಳು: "ಎಂತ ಹೆಣೆ, ಮೂಲಿ ಬಿಟ್ಯಲೆ!"

ಈ ನೋವಿನಲ್ಲಿ ಮೂಲೆಯಂತೆ ಮೂಲೆ! ಅದೊಂದನ್ನು ಬಿಟ್ಟು ಒಳಗೆ ಹೋಗಿ ಚಹಾ ಕುಡಿದೆ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಗೇಟಿಗೆ ಬೀಗ ಹಾಕಿತ್ತು.

ಹೊರಗೆ ಬಂದು ನೋಡಿದರೆ ಮೂಲೆಯನ್ನೂ ಯಾರೋ ಮಗುಚಿದ್ದರು. ಅಲ್ಲಿ ಕಾಲೆಳೆದ ಸಾಲಿನುದ್ದಕ್ಕೂ ಬೆರಳುಗಳ ಗುರುತೇ ಇರಲಿಲ್ಲ, ಬರೀ ಹಿಮ್ಮಡಿ.