ತಂತಿಯಿಲ್ಲದ ಗಿಟಾರು ಮತ್ತು ನಮ್ಮ ಮನೆಯವರ ಎಡಗೈ

ನಮ್ಮ ಮನೆಯ ಹಜಾರದಲ್ಲಿ, ದೇವರ ಗೂಡಿಗೂ ಕ್ಯಾಲೆಂಡರಿಗೂ ನಡುವಿನ ಮೊಳೆಗೆ, ಒಂದು ಪ್ಲಾಸ್ಟಿಕ್ ಗಿಟಾರು ತೂಗುತ್ತಿದೆ. ಅದಕ್ಕೆ ತಂತಿಯಿಲ್ಲ, ಕುತ್ತಿಗೆಯ ಮೇಲೆ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಗುಂಡಿಗಳಿವೆ, ಹೊಟ್ಟೆಯ ಮೇಲೆ ಬೆರಳಿನಿಂದ ಮೇಲೆ ಕೆಳಗೆ ಆಡಿಸುವ ಒಂದು ಪಟ್ಟಿಯಿದೆ. ಬಂದವರೆಲ್ಲ “ಮೊಮ್ಮಕ್ಕಳದೇನ್ರಿ?” ಎಂದು ಕೇಳುತ್ತಾರೆ. ಅಲ್ಲ, ನಮ್ಮ ಮನೆಯವರದು ಎನ್ನುತ್ತೇನೆ. ಅವರು ನನ್ನ ಮುಖವನ್ನೊಮ್ಮೆ, ವಿಭೂತಿ ಹಚ್ಚಿಕೊಂಡು ಕುರ್ಚಿಯಲ್ಲಿ ಕೂತ ನಮ್ಮ ಮನೆಯವರ ಮುಖವನ್ನೊಮ್ಮೆ ನೋಡಿ ಚಹಾ ಕುಡಿಯುವುದನ್ನೇ ಮರೆಯುತ್ತಾರೆ. ನಿಮಗಾದರೂ ಪೂರ್ತಿ ಹೇಳಿಬಿಡುತ್ತೇನೆ, ಕೇಳಿ.

ನಮ್ಮವರಿಗೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಸಣ್ಣ ಕಾರ್ಖಾನೆ ಇತ್ತು. ಅದು ಹೊಟ್ಟೆಪಾಡು. ಜೀವ ಇದ್ದದ್ದು ಮಾತ್ರ ತಬಲಾದಲ್ಲಿ, ಅದೂ ಎಡಗೈ ನುಡಿಸುವ ಡಗ್ಗಾದಲ್ಲಿ. ಸೋಮವಾರ ಬಂತೆಂದರೆ ಸಂಜೆ ಬೇಗ ಕಾರ್ಖಾನೆ ಮುಚ್ಚಿ ತಮ್ಮ ಹುಟ್ಟೂರು ಕುರುಗೋಡಿಗೆ ಹೊರಡುವುದು, ಅಲ್ಲಿ ಮಠದ ಭಜನೆಗೆ ಕೂಡುವುದು. ಬಾಲ್ಯದ ಗೆಳೆಯ ಪಂಪಣ್ಣ ಹಾಡುವುದು, ಇವರು ತಬಲಾ ಸಾಥ್ ಕೊಡುವುದು. ಮದುವೆಯಾದ ಹೊಸದರಲ್ಲಿ ಈ ಸೋಮವಾರದ ಮೇಲೆ ನನಗೆ ಸವತಿಯ ಮೇಲೆ ಬರುವಷ್ಟು ಸಿಟ್ಟು ಬರುತ್ತಿತ್ತು. ಆಮೇಲೆ ನಾನೂ ಹೋಗಿ ಮೂಲೆಯಲ್ಲಿ ಕೂತು ಕೇಳತೊಡಗಿದೆ, ಸಿಟ್ಟು ತಾನಾಗಿಯೇ ಇಳಿಯಿತು.

ಹೋದ ವರ್ಷ ಲಕ್ವಾ ಹೊಡೆಯಿತು. ದೇವರು ದೊಡ್ಡವನು, ಮಾತು ಉಳಿಯಿತು, ನಡಿಗೆ ಮರಳಿತು. ಎಡಗೈ ಮಾತ್ರ ಬರಲಿಲ್ಲ. ಬೆರಳುಗಳಿಗೆ ಕೆಲಸ ಕೊಡಬೇಕೆಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. “ಚೆಂಡು ಹಿಸುಕ್ಕೋತ ಕುಂದ್ರಾಕ ನಾನೇನು ಕೂಸೇನ?” ಎಂದು ಇವರು ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟರು. ಅತ್ತ ಪಂಪಣ್ಣ ಬೇರೆ ತಬಲಾದವರನ್ನು ಕರೆಯದೆ, ಬರೀ ತಾಳ ದಮ್ಮಡಿಗಳಲ್ಲೇ ಭಜನೆ ನಡೆಸುತ್ತಿದ್ದ. ಗೆಳೆಯನ ಜಾಗ ಖಾಲಿ ಇರಲಿ ಎಂಬುದು ಅವನ ಪ್ರೀತಿ. ಆ ಪ್ರೀತಿಯೇ ಇವರಿಗೆ ನುಂಗಲಾರದ ತುತ್ತಾಯಿತು. ಒಂದು ಮಧ್ಯಾಹ್ನ, ಗೋಡೆ ನೋಡುತ್ತಾ, “ಶಾಂತಾ, ತಬಲಾ ಯಾರಿಗರ ಕೊಟ್ಟಬಿಡು. ಮನ್ಯಾಗ ಇದ್ರ ಕಣ್ಣಿಗೆ ಬೀಳತೈತಿ” ಎಂದರು. ಕೈ ಹೋದದ್ದಕ್ಕೆ ನಾನು ಅತ್ತಿರಲಿಲ್ಲ, ಆ ಮಾತಿಗೆ ಅಡುಗೆಮನೆಗೆ ಹೋಗಿ ಅತ್ತೆ.

ಕಂಟೋನ್ಮೆಂಟಿನಲ್ಲಿರುವ ನನ್ನ ಅಣ್ಣನ ಮಗಳು ಗೌರಿ ಈ ಗಿಟಾರನ್ನು ಹೊತ್ತು ತಂದದ್ದು ಆಗ. ಜೊತೆಗೆ ಟಿವಿಗೆ ಜೋಡಿಸುವ ಹಳೆಯ ಆಟದ ಪೆಟ್ಟಿಗೆ. ಎಂಬತ್ತರ ದಶಕದ ರಾಕ್ ಹಾಡುಗಳ ಆಟವಂತೆ. ಹಾಡು ಶುರುವಾದರೆ ಪರದೆಯ ಮೇಲೆ ಬಣ್ಣದ ಬಿಲ್ಲೆಗಳು ರಸ್ತೆಯಲ್ಲಿ ಬರುವಂತೆ ನಮ್ಮತ್ತ ಜಾರಿಬರುತ್ತವೆ. ಗೆರೆ ಮುಟ್ಟಿದ ಕ್ಷಣಕ್ಕೆ ಎಡಗೈಯಿಂದ ಅದೇ ಬಣ್ಣದ ಗುಂಡಿ ಒತ್ತಿ ಬಲಗೈಯಿಂದ ಪಟ್ಟಿ ಮೀಟಬೇಕು. ಸರಿಯಾದರೆ ಹಾಡು ಮುಂದೆ, ತಪ್ಪಿದರೆ ಕಟುಕಟು ಸದ್ದು. “ಮಾವ, ಇದು ಚೆಂಡಲ್ಲ, ಬಾಜಾ ಐತಿ ನೋಡ್ರಿ” ಎಂದಳು ಜಾಣೆ. ಬಾಜಾ ಎಂದ ಕೂಡಲೇ ಇವರ ಕುತ್ತಿಗೆ ಇತ್ತ ತಿರುಗಿತು.

ಪರದೆಯ ಮೇಲೆ ಉದ್ದಗೂದಲಿನ ಗಂಡಸರು ಕುಣಿಯುತ್ತಿದ್ದರು. ಇವರು ಹಾಡು ಕೇಳುವ ಮೊದಲು ಅವರ ಪ್ಯಾಂಟು ನೋಡಿದರು. “ಲೇ, ಮಂಡಿ ಹರದಾವಲ್ಲಲೇ! ನಾನು ಹಿಂಗ ಮಾಲು ಕಳಿಸಿದ್ರ ಗಿರಾಕಿ ಮನಿತನಕ ಬಂದು ಬೈತಿದ್ದ.” ತಿಂಗಳುಗಳ ಮೇಲೆ ಅವರ ಬಾಯಿಂದ ಬಂದ ಮೊದಲ ಕುಶಾಲು ಅದು. ಆ ಹರಿದ ಪ್ಯಾಂಟುಗಳಿಗೆ ನಾನು ಅಂದೇ ಕೈಮುಗಿದೆ.

ಆಟವಂತೂ ಪಜೀತಿಯೇ ಆಯಿತು. ಕೈ ಸೋತಿದ್ದಕ್ಕೆ ತಪ್ಪಾಗುವುದು ಸಹಜ ಬಿಡಿ. ಕೈ ಅಷ್ಟಿಷ್ಟು ಒತ್ತತೊಡಗಿದ ಮೇಲೂ ತಪ್ಪುತ್ತಿತ್ತು. ಬಿಲ್ಲೆ ಗೆರೆಗೆ ಬಂದು ದಾಟಿ ಹೋದರೂ ಇವರು ಮೀಟುತ್ತಿರಲಿಲ್ಲ. ಪರದೆಯ ಜನ ಹೋ ಎಂದು ಕೂಗಿ ಗೇಲಿ ಮಾಡುತ್ತಿದ್ದರು. “ಯಾಕ ಮಾವ, ಬಿಲ್ಲಿ ಕಾಣವಲ್ದೇನು?” ಎಂದು ಗೌರಿ ಕೇಳಿದಳು. “ಕಾಣತೈತಿ. ಆದ್ರ ಹಾಡಾಂವ ಇನ್ನೂ ಉಸಿರು ತಗೊಳ್ಳಾಕತ್ತಾನ. ಅವನ್ನ ಬಿಟ್ಟು ನಾ ಹೆಂಗ ಮುಂದ ಹೋಗ್ಲಿ?” ಎಂದರು ಇವರು, ಸಿಟ್ಟಿನಿಂದ.

ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗು ಇಳಿದ ಮೇಲೆ ನನಗೆ ಅರ್ಥವಾಯಿತು. ಭಜನೆಯಲ್ಲಿ ಹಾಡುವವನು ಒಂದು ಸಾಲನ್ನು ಎಳೆದರೆ ತಬಲಾ ಅಲ್ಲೇ ನಿಂತು ಕಾಯುತ್ತದೆ. ಕೂತವರಲ್ಲೊಬ್ಬ ಮುದುಕ ಸಾಲು ಹಿಡಿಯಲು ತಡಮಾಡಿದರೂ ಕಾಯುತ್ತದೆ. ಹಾಗೆ ಕಾಯುವುದೇ ಅಲ್ಲಿ ವಿದ್ಯೆ. ಯಂತ್ರಕ್ಕೆ ಆ ಮರ್ಯಾದೆ ಎಲ್ಲಿಂದ ಬರಬೇಕು? ಆದರೆ ಒಪ್ಪಲೇಬೇಕಾದ ಮಾತೊಂದಿದೆ. ಮನೆಯಲ್ಲಿ ನಾವೆಲ್ಲ ಇವರನ್ನು ಕೂಸಿನಂತೆ ನೋಡಿಕೊಳ್ಳುತ್ತಿದ್ದೆವು. ಬಟನ್ ಹಾಕಲು ಹೋದರೆ ನಾನೇ ಹಾಕಿಬಿಡುತ್ತಿದ್ದೆ, ನೀರಿನ ಲೋಟ ನಾನೇ ಎತ್ತಿಕೊಡುತ್ತಿದ್ದೆ. ಆ ಆಟ ಮಾತ್ರ ಇವರನ್ನು ರೋಗಿಯೆಂದು ಒಂದು ಕ್ಷಣವೂ ತಿಳಿಯಲಿಲ್ಲ. ತಪ್ಪಿದರೆ ಗೇಲಿ, ಒಪ್ಪಿದರೆ ಚಪ್ಪಾಳೆ. ಅದರ ಆ ಒರಟುತನವೇ ನಮಗೆ ಉಪಕಾರ ಮಾಡಿತು.

ಇವರು ಹಟಕ್ಕೆ ಬಿದ್ದರು. “ಕುರುಗೋಡಿನಾಗ ಒಬ್ಬರೂ ನನಗ ಹೋ ಅಂದಿಲ್ಲ, ಇವ್ರು ಯಾರಲೇ ಅನ್ನಾಕ?” ಎನ್ನುತ್ತಾ ಬೆಳಗಿನ ಚಹಾ ಆದ ಮೇಲೊಮ್ಮೆ, ಊಟಕ್ಕೆ ಮುಂಚೆ ಒಮ್ಮೆ ಗಿಟಾರು ಹಿಡಿದು ಕೂಡತೊಡಗಿದರು. ನಾನು ಜೋಳದ ರೊಟ್ಟಿ ಬಡಿಯುವ ಸದ್ದಿಗೂ ಆ ಡ್ರಮ್ಮಿನ ಸದ್ದಿಗೂ ಎಷ್ಟೋ ದಿನ ಜಗಳವಾಯಿತು, ಆಮೇಲೆ ಒಂದಕ್ಕೊಂದು ಒಗ್ಗಿಕೊಂಡವು. ನನಗೊಂದು ವಿಚಾರ ಬರುತ್ತಿತ್ತು: ಈ ಹಾಡುಗಳು ಹುಟ್ಟಿದ ವರ್ಷಗಳಲ್ಲಿ ನಾನು ಸಿರುಗುಪ್ಪದಲ್ಲಿ, ತವರುಮನೆಯ ಹಿಂದಿನ ಅಕ್ಕಿ ಗಿರಣಿಯ ಗಡಗಡ ಕೇಳುತ್ತಾ ಲಂಗದಾವಣಿಯಲ್ಲಿ ಓಡಾಡುತ್ತಿದ್ದೆ. ಇವರು ಕೌಲ್ ಬಜಾರಿನ ಹೊಲಿಗೆ ಯಂತ್ರಗಳ ನಡುವೆ ಕೆಲಸ ಕಲಿಯುತ್ತಿದ್ದರು. ಎಂಬತ್ತರ ದಶಕ ನಮ್ಮದೂ ಆಗಿತ್ತಲ್ಲ! ಆಗ ಯಾವುದೋ ದೇಶದಲ್ಲಿ ಯಾರೋ ಗಂಟಲು ಹರಿದುಕೊಂಡು ಹಾಡಿದ್ದು, ಆಮೇಲೆ ಇನ್ನಾರೋ ಕೂತು ಮಕ್ಕಳ ಮೋಜಿಗೆಂದು ಅದನ್ನು ಆಟ ಮಾಡಿದ್ದು, ಇಷ್ಟು ದೂರ ಬಂದು ನನ್ನ ಗಂಡನ ಬೆರಳಿಗೆ ಜೀವ ತುಂಬುತ್ತಿದೆ ಎಂದು ಅವರಿಗೆ ಯಾರು ಹೇಳಬೇಕು? ನಮ್ಮನ್ನು ನೆನೆದು ಮಾಡಿದ ಉಪಕಾರಕ್ಕೆ ತಿರುಗಿ ಏನಾದರೂ ಮಾಡಬಹುದು. ನಾವು ಇದ್ದೇವೆಂದೇ ಗೊತ್ತಿಲ್ಲದವರ ಉಪಕಾರಕ್ಕೆ ಏನು ಮಾಡುತ್ತೀರಿ? ಸುಮ್ಮನೆ ಮನಸ್ಸಿನಲ್ಲೇ ನೂರು ಕಾಲ ಬಾಳಿ ಎಂದೆ.

ಬೇಸಿಗೆ ಕಳೆಯುವ ಹೊತ್ತಿಗೆ ತೋರುಬೆರಳು, ನಡುಬೆರಳು ಚೆನ್ನಾಗಿ ಬಂದವು. ಉಂಗುರದ ಬೆರಳು ಮನಸ್ಸಾದರೆ ಬರುತ್ತಿತ್ತು, ಕಿರುಬೆರಳು ಬರಲೇ ಇಲ್ಲ. ಒಂದು ಸೋಮವಾರ ಬೆಳಿಗ್ಗೆ, ಕೇಳದಿದ್ದರೂ ತಾವಾಗಿಯೇ, “ಗೌರಿಗೆ ಕಾರು ತರಾಕ ಹೇಳು. ಡಗ್ಗಾ ಒರಸಿಡು” ಎಂದರು. ನಾನು ತಬಲಾ ಯಾರಿಗೂ ಕೊಟ್ಟಿರಲಿಲ್ಲ, ಕೊಡುವವಳೂ ಅಲ್ಲ.

ಸಂಜೆ ಮಠ ಮುಟ್ಟಿದೆವು. ಪಂಪಣ್ಣ ಸರಿದು ಜಾಗ ಮಾಡಿ, “ಬಾರಪ್ಪಾ, ಕುಂದ್ರು” ಎಂದನಷ್ಟೆ. ಹಾಡು ಎತ್ತಿದ. ಇವರ ಬಲಗೈ ಮೊದಲಿನಂತೆಯೇ ಹೊರಟಿತು. ಎಡಗೈ ಹಿಂದೆ ಬಿತ್ತು. ಪಂಪಣ್ಣ ಕಣ್ಣು ಮುಚ್ಚಿಕೊಂಡೇ ಸಾಲಿನ ಕೊನೆಯ ಸ್ವರವನ್ನು ಹಿಡಿದ, ಇನ್ನೂ ಹಿಡಿದ, ಡಗ್ಗಾ ಗುಂ ಎನ್ನುವವರೆಗೆ ಬಿಡಲಿಲ್ಲ. ಎರಡನೆಯ ಸಾಲಿಗೆ ಕೂತವರೆಲ್ಲರೂ ಹಾಗೆಯೇ ಎಳೆದರು. ದಮ್ಮಡಿಯವನು ಕೈ ಹಗುರ ಮಾಡಿದ. ಒಬ್ಬರೂ ಇವರತ್ತ ನೋಡಲಿಲ್ಲ. ನಾನು ಮಾತ್ರ ಸೆರಗು ಬಾಯಿಗೊತ್ತಿ ಕೂತಿದ್ದೆ. ಇಡೀ ಭಜನೆ ಇವರ ಎಡಗೈಯ ನಡಿಗೆಯಲ್ಲೇ ನಡೆದು ಮಂಗಳಾರತಿ ಮುಟ್ಟಿತು.

ವಾಪಸು ಬರುವಾಗ ಕಾರಿನಲ್ಲಿ ಇವರು ಬಹಳ ಹೊತ್ತು ಎಡಗೈ ನೋಡಿಕೊಳ್ಳುತ್ತಾ ಕೂತಿದ್ದರು. ಆಮೇಲೆ, “ಶಾಂತಾ, ಪಂಪಣ್ಣಗ ವಯಸ್ಸಾತು ನೋಡು. ಏನು ಎಳೀತಾನಲೇ ಹಾಡು! ಬರೋ ಸೋಮವಾರ ನಾನ ಅವನ್ನ ಜರಾ ಹಿಡದು ನಡಸ್ಬೇಕು” ಎಂದರು.

“ನಡಸ್ರಿ” ಎಂದೆ.